ಪಾರ್ಕಿನ್ಸನ್ ಔಷಧದ ಪರೀಕ್ಷೆಯಲ್ಲಿ ಗಡಿಯಾರವೇ ಮುಖ್ಯ

ಪಾರ್ಕಿನ್ಸನ್‌ಗೆ ಹೊಸ ಔಷಧ ಪರೀಕ್ಷಿಸುವಾಗ ಅಳೆದ ಹೊತ್ತು ತಪ್ಪಿದರೆ ಅಂಕಗಳನ್ನು ನಂಬುವಂತಿಲ್ಲ. ರೋಗಿಗಳು ದಿನವೂ ನುಂಗುವ ಮುಖ್ಯ ಔಷಧ ಲೆವೊಡೋಪ ರಕ್ತದಲ್ಲಿ ಸುಮಾರು 90 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಹತ್ತು ಗಂಟೆಗೆ ಸರಾಗವಾಗಿ ನಡೆದವರು ಹನ್ನೆರಡಕ್ಕೆ ಕುರ್ಚಿಯಿಂದೇಳಲು ಒದ್ದಾಡಬಹುದು. ಹಾಗಾಗಿ ಮೊದಲ ಭೇಟಿಯಿಂದ ಕೊನೆಯವರೆಗೂ ಒಬ್ಬ ರೋಗಿಗೆ ಒಂದೇ ಹೊತ್ತು, ಒಬ್ಬರೇ ಪರೀಕ್ಷಕರು ಎಂದು ಗೊತ್ತುಮಾಡಿಕೊಳ್ಳುತ್ತೇವೆ.

‘ಆಫ್’, ಅಂದರೆ ಔಷಧದ ಪ್ರಭಾವ ಇಳಿದ ಸ್ಥಿತಿ ಅಳೆಯಲು ಹಿಂದಿನ ರಾತ್ರಿಯಿಂದ ಕನಿಷ್ಠ 12 ಗಂಟೆ ಲೆವೊಡೋಪ ಇಲ್ಲ. ಮೆದುಳಿನ ಡೋಪಮೈನ್ ರಾಸಾಯನಿಕದಂತೆ ಕೆಲಸ ಮಾಡುವ, ಮೈಯಲ್ಲಿ ನಿಧಾನವಾಗಿ ಕರಗುವ ಡೋಪಮೈನ್ ಅಗೊನಿಸ್ಟ್ ಔಷಧಗಳಿಗೆ ಅಷ್ಟು ಸಾಲದು. ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ ಎಂದು ಕೇಳಿದರೆ ‘ಮಲಗೋ ಮುಂಚೆ’ ಅನ್ನುತ್ತಾರೆ. ಗಂಟೆ, ನಿಮಿಷ ಸಿಗುವವರೆಗೂ ಬಿಡಬಾರದು. ಅಳತೆ ಮುಗಿದ ಕೂಡಲೇ ಅವರ ಮಾತ್ರೆ ಕೊಡಬೇಕು. ಔಷಧವನ್ನು ಥಟ್ಟನೆ ನಿಲ್ಲಿಸಿ ಹಾಗೇ ಬಿಟ್ಟರೆ ಮೈ ಸೆಟೆದು, ವಿಪರೀತ ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು.

ಚಲನೆಗೆ ನಾವು ಬಳಸುವುದು ಪಾರ್ಕಿನ್ಸನ್ ತೀವ್ರತೆ ಅಳೆಯುವ ಎಂಡಿಎಸ್-ಯುಪಿಡಿಆರ್‌ಎಸ್ ಮಾಪನದ 3ನೇ ಭಾಗ. ಅದರಲ್ಲಿ 33 ಅಂಕಗಳು, ಪ್ರತಿಯೊಂದೂ 0ಯಿಂದ 4; ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಬೆರಳು ತಟ್ಟುವ ಪರೀಕ್ಷೆಯನ್ನೇ ನೋಡಿ. ತೋರುಬೆರಳನ್ನು ಹೆಬ್ಬೆರಳಿಗೆ ಹತ್ತು ಸಲ, ಆದಷ್ಟು ಅಗಲವಾಗಿ, ಆದಷ್ಟು ಬೇಗ ತಟ್ಟಬೇಕು. ಅಗಲ ಕೊನೆಯಲ್ಲಿ ಕುಗ್ಗಿದರೆ 1, ನಡುವೆಯೇ ಕುಗ್ಗಿದರೆ 2, ಮೊದಲ ತಟ್ಟಿನಿಂದಲೇ ಕುಗ್ಗುತ್ತ ಹೋದರೆ 3. ಹೇಗೆಂದು ತೋರಿಸಿ ನಮ್ಮ ಕೈ ಇಳಿಸಿಬಿಡಬೇಕು. ನಾವೂ ತಟ್ಟುತ್ತಿದ್ದರೆ ಅವರಿಗೆ ತಾಳ ಸಿಕ್ಕಿ ಅಂಕ ಸುಳ್ಳಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಮನೆಯ ಡೈರಿಯಲ್ಲಿ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಚೌಕ. ಒಂದೊಂದರಲ್ಲೂ ನಿದ್ದೆ, ಆಫ್, ಆನ್ (ಔಷಧ ಕೆಲಸ ಮಾಡುತ್ತಿರುವ ಹೊತ್ತು), ತೊಂದರೆಯಿಲ್ಲದ ಡಿಸ್ಕೈನೇಸಿಯಾ (ಮೈ ತಾನಾಗೇ ಹೊರಳಾಡುವುದು) ಇರುವ ಆನ್, ತೊಂದರೆ ಕೊಡುವ ಡಿಸ್ಕೈನೇಸಿಯಾ ಇರುವ ಆನ್, ಈ ಐದರಲ್ಲಿ ಒಂದನ್ನು ಗುರುತಿಸಬೇಕು. ಔಷಧ ಇಳಿದಾಗ ಬರುವ ನಡುಕವನ್ನೂ ಔಷಧ ಏರಿದಾಗ ಬರುವ ಡಿಸ್ಕೈನೇಸಿಯಾವನ್ನೂ ಎಷ್ಟೋ ಜನ ಒಂದೇ ಎಂದುಕೊಳ್ಳುತ್ತಾರೆ. ಆಗ ‘ಆಫ್’ ಎನ್ನಬೇಕಾದಲ್ಲಿ ‘ಆನ್’ ಎಂದು ಗುರುತಿಸಿ ಫಲಿತಾಂಶವೇ ತಲೆಕೆಳಗಾಗುತ್ತದೆ. ಅದಕ್ಕೇ ಶುರುವಿನಲ್ಲೇ ಕೆಲವು ಗಂಟೆ ಅವರನ್ನು ಕೂರಿಸಿ, ಅವರೊಂದು ಡೈರಿ, ನಾವೊಂದು ಡೈರಿ ಬೇರೆಬೇರೆಯಾಗಿ ತುಂಬುತ್ತೇವೆ. ತಾಳೆಯಾಗದಿದ್ದರೆ ಮತ್ತೆ ಕಲಿಸುತ್ತೇವೆ. ರಾತ್ರಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ತುಂಬಿದ ಡೈರಿ ಉಪಯೋಗಕ್ಕಿಲ್ಲ.

ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆ, ಈ ಕಾಯಿಲೆಯಲ್ಲಿ ಬರೀ ಮನಸ್ಸಿನ ಸಮಾಧಾನವಲ್ಲ. ಗುಣವಾಗುತ್ತದೆಂಬ ನಿರೀಕ್ಷೆಗೇ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುತ್ತದೆಂದು 2001ರಲ್ಲೇ ಪೆಟ್ ಸ್ಕ್ಯಾನ್ ತೋರಿಸಿದೆ. ಹಾಗಾಗಿ ನಿರೀಕ್ಷೆ ಹುಟ್ಟಿಸುವಂತೆ ‘ಈಗ ವಾಸಿನಾ?’ ಎಂದು ಹುರುಪಿನಿಂದ ಕೇಳುವುದೂ ತಪ್ಪೇ. ಇನ್ನು ವಾಕರಿಕೆಯಂಥ ಅಡ್ಡಪರಿಣಾಮದ ದೂರು ಕೇಳಿದ ಪರೀಕ್ಷಕರಿಗೆ ಯಾರು ನಿಜವಾದ ಔಷಧ ತೆಗೆದುಕೊಳ್ಳುತ್ತಿದ್ದಾರೆಂಬ ಸುಳಿವು ಸಿಕ್ಕಿಬಿಡುತ್ತದೆ. ಆದ್ದರಿಂದ ಅಡ್ಡಪರಿಣಾಮ ವಿಚಾರಿಸುವವರೇ ಬೇರೆ, ಅಂಕ ಹಾಕುವವರೇ ಬೇರೆ.