ಬ್ರೇಕ್ ಪೆಡಲ್‌ನ ಗುಣವನ್ನು ಕಾಲಿನಿಂದಲೇ ಗುರುತಿಸುವುದು ಹೇಗೆ?

ಒಂದು ವೇಗದ ಕಾರಿನಿಂದ ಇಳಿದು ಇನ್ನೊಂದನ್ನು ಹತ್ತಿದವರಿಗೆ ಬ್ರೇಕ್ ಪೆಡಲ್ ಮೊದಲ ತಿರುವಿನಲ್ಲೇ ಅಚ್ಚರಿ ತರುತ್ತದೆ. ಒಂದರಲ್ಲಿ ಪಾದ ಸೋಕಿದೊಡನೆ ಕಾರಿನ ಮೂತಿ ಕೆಳಗೆ ಬಾಗುತ್ತದೆ. ಇನ್ನೊಂದರಲ್ಲಿ ಪೆಡಲ್ ಹೆಚ್ಚು ಸರಿಯದೆ, ತೊಡೆಯ ಬಲವನ್ನು ಹಾಕಿದ ಮೇಲಷ್ಟೇ ವೇಗ ತಗ್ಗುತ್ತದೆ. ಹೀಗಿದ್ದರೂ ಎರಡೂ ಕಾರುಗಳು ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಲ್ಲಬಹುದು. ಬ್ರೇಕುಗಳಿಗೆ ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿಯಿದ್ದ ಮೇಲೆ, ನಿಲ್ಲುವ ದೂರವು ಟೈರಿನ ಹಿಡಿತವನ್ನು ಅವಲಂಬಿಸುತ್ತದೆ. ಆ ಹಿಡಿತದ ಅಂಚಿನವರೆಗೆ ಚಾಲಕನು ಎಷ್ಟು ನಿಖರವಾಗಿ ಹೋಗಬಲ್ಲ ಎಂಬುದಷ್ಟೇ ಪೆಡಲ್‌ಗೆ ಸೇರಿದ ವಿಷಯ. ಆದ್ದರಿಂದ ಪೆಡಲ್ ಬಿಗಿಯಾಗಿದ್ದರೆ ಬ್ರೇಕ್ ಒಳ್ಳೆಯದು, ಮೃದುವಾಗಿದ್ದರೆ ಕೆಟ್ಟದ್ದು ಎಂದು ತೀರ್ಮಾನಿಸುವ ಮುನ್ನ, ಆ ಗುಣ ಎಲ್ಲಿಂದ ಬಂದಿದೆ ಎಂಬುದನ್ನು ಹಂತ ಹಂತವಾಗಿ ಬೇರ್ಪಡಿಸಿ ನೋಡಬೇಕು.

ಮೊದಲ ಹಂತವನ್ನು ನಿಂತ ಕಾರಿನಲ್ಲೇ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಪೆಡಲನ್ನು ನಾಲ್ಕೈದು ಬಾರಿ ಪೂರ್ತಿ ಒತ್ತಿ ಬಿಡಿ. ಪಾದದ ಬಲಕ್ಕೆ ನೆರವಾಗುವ ಬೂಸ್ಟರ್‌ನಲ್ಲಿ ಉಳಿದಿದ್ದ ವ್ಯಾಕ್ಯೂಮ್ (ನಿರ್ವಾತ) ಖಾಲಿಯಾಗುತ್ತಿದ್ದಂತೆ ಪೆಡಲ್ ಗಟ್ಟಿಯಾಗುತ್ತದೆ. ಈಗ ಪಾದಕ್ಕೆ ತಿಳಿಯುತ್ತಿರುವುದು ಯಾವ ಸಹಾಯವೂ ಇಲ್ಲದ ಬರಿಯ ಹೈಡ್ರಾಲಿಕ್ ವ್ಯವಸ್ಥೆ, ಅಂದರೆ ಬ್ರೇಕ್ ಆಯಿಲ್ ಎಂಬ ದ್ರವದ ಮೂಲಕ ಬಲ ಸಾಗಿಸುವ ಏರ್ಪಾಟು. ಪೆಡಲನ್ನು ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿದರೆ ಅದು ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ವಾಲ್ವ್ ಅಥವಾ ವ್ಯಾಕ್ಯೂಮ್ ಪೈಪನ್ನು ಪರೀಕ್ಷಿಸಬೇಕು. ಎಂಜಿನ್ ಓಡುತ್ತಿರುವಾಗ ಹದವಾಗಿ ಒತ್ತಿ ಹಿಡಿದ ಪೆಡಲ್ ನಿಲ್ಲದೆ ನಿಧಾನವಾಗಿ ಕುಸಿಯುತ್ತಲೇ ಹೋದರೆ ಪೆಡಲ್‌ನ ಬಲವನ್ನು ದ್ರವದ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಸೋರುತ್ತಿರುವ ಸಂಭವವಿದೆ. ಅಂಥ ಕಾರನ್ನು ಓಡಿಸಿ ಮುಂದಿನ ಪರೀಕ್ಷೆಗೆ ಹೋಗಬಾರದು.

ಎರಡನೆಯ ಹಂತವು ಲೆಕ್ಕದ್ದು, ಮತ್ತು ವ್ಯತ್ಯಾಸದ ಬೇರು ಬಹುಪಾಲು ಇಲ್ಲಿಯೇ ಇದೆ. ಪೆಡಲ್ ಒಂದು ಸನ್ನೆಗೋಲು. ಅದರ ಅನುಪಾತ 5 ಎಂದಿಟ್ಟುಕೊಂಡರೆ, ಪಾದದ 20 ಕೆ.ಜಿ. ಬಲವು ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಮೇಲೆ 100 ಕೆ.ಜಿ. ಆಗುತ್ತದೆ. ಆ ಪಿಸ್ಟನ್‌ನ ವ್ಯಾಸ 19 ಮಿ.ಮೀ. ಇದ್ದರೆ ಪೈಪಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ ಸುಮಾರು 35 ಕೆ.ಜಿ. ಒತ್ತಡ ಹುಟ್ಟುತ್ತದೆ, 22 ಮಿ.ಮೀ. ಇದ್ದರೆ ಸುಮಾರು 26 ಕೆ.ಜಿ. ಮಾತ್ರ. ಕೇವಲ 3 ಮಿ.ಮೀ. ವ್ಯತ್ಯಾಸದಿಂದ ಒತ್ತಡದಲ್ಲಿ ಕಾಲು ಭಾಗ ಇಳಿಯಿತು, ಆದರೆ ಅಷ್ಟೇ ದ್ರವವನ್ನು ತಳ್ಳಲು ಪೆಡಲ್ ಸರಿಯಬೇಕಾದ ದೂರವೂ ಕಾಲು ಭಾಗ ಕಡಿಮೆಯಾಯಿತು. ಬಲ ಮತ್ತು ದೂರಗಳ ಈ ಕೊಡುಕೊಳ್ಳುವಿಕೆಯಿಂದ ಯಾವ ತಯಾರಕನೂ ತಪ್ಪಿಸಿಕೊಳ್ಳಲಾರ. ಚಕ್ರದೊಡನೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಕ್ಯಾಲಿಪರ್‌ನ ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣವನ್ನು ಹೆಚ್ಚಿಸಿದರೆ ಹಿಡಿತ ಹೆಚ್ಚುತ್ತದೆ, ಜೊತೆಗೆ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರನ್ನು ಹಾಗೆಯೇ ಬಿಟ್ಟು ದೊಡ್ಡ ಕ್ಯಾಲಿಪರ್‌ಗಳನ್ನು ಮಾತ್ರ ಹಾಕಿಸಿಕೊಂಡವರು ಪೆಡಲ್ ಕೆಳಗಿಳಿಯಿತೆಂದು ದೂರುವುದಕ್ಕೆ ಇದೇ ಕಾರಣ, ಅದು ದೋಷವೇ ಅಲ್ಲ.

ಇನ್ನು ಬೂಸ್ಟರ್. 1987ರಲ್ಲಿ ಬಂದ ಫೆರಾರಿ ಎಫ್40, 1992ರ ಮೆಕ್‌ಲಾರೆನ್ ಎಫ್1 ಇವೆರಡರಲ್ಲೂ ಅದು ಇರಲಿಲ್ಲ. ಪಾದ ಹಾಕಿದಷ್ಟೇ ಬಲ, ಅದಕ್ಕೆ ತಕ್ಕಷ್ಟೇ ಒತ್ತಡ. ಬೂಸ್ಟರ್ ಇರುವ ಕಾರಿನಲ್ಲಿ ಮೊದಲ ಕೆಲವು ಮಿಲಿಮೀಟರ್‌ಗಳಲ್ಲೇ ಒತ್ತಡ ಒಮ್ಮೆಲೇ ಜಿಗಿಯುವಂತೆ ಒಳಗೆ ಏರ್ಪಾಟಿರುತ್ತದೆ. ಈ ಜಿಗಿತವನ್ನು ದೊಡ್ಡದಾಗಿಟ್ಟರೆ ಸೋಕಿದೊಡನೆ ಹಿಡಿಯುವ ಬ್ರೇಕ್ ಸಿಗುತ್ತದೆ. ಅಂಗಡಿಯ ಮುಂದಿನ ಸಣ್ಣ ಸವಾರಿಯಲ್ಲಿ ಅದು ಮೆಚ್ಚುಗೆಯಾಗುವುದು ಸಹಜ, ಆದರೆ ತಿರುವಿನೊಳಗೆ ಬ್ರೇಕನ್ನು ಎಳೆ ಎಳೆಯಾಗಿ ಸಡಿಲಿಸಬೇಕಾದಾಗ ಅದೇ ಗುಣ ಕಾಲಿಗೆ ತೊಡಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಾಲು ದೂರಕ್ಕಿಂತ ಬಲವನ್ನು ಚೆನ್ನಾಗಿ ಅಳೆಯುತ್ತದೆ. ರೇಸ್ ಕಾರುಗಳಲ್ಲಿ ಪೆಡಲನ್ನು ಬಿಗಿಯಾಗಿ, ಕಡಿಮೆ ಸರಿಯುವಂತೆ ಇಡುವುದು ಅದಕ್ಕಾಗಿಯೇ. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಂತೂ ಪೆಡಲ್‌ನ ಬದಲು ನೆಲದ ಮೇಲೆ ಹೆಚ್ಚುಕಡಿಮೆ ಸರಿಯದ ಒಂದು ರಬ್ಬರ್ ಗುಂಡಿ ಮಾತ್ರ ಇತ್ತು, ಮತ್ತು ಅದು ರೇಸ್ ಕಾರೂ ಆಗಿರಲಿಲ್ಲ.

ಮೂರನೆಯ ಹಂತದಲ್ಲಿ, ಒತ್ತಿದ ಬಲ ದಾರಿಯಲ್ಲಿ ಎಲ್ಲಿ ಕರಗುತ್ತಿದೆ ಎಂದು ನೋಡಬೇಕು. ರಬ್ಬರ್ ಹೋಸ್‌ಗಳು ಒತ್ತಡಕ್ಕೆ ಉಬ್ಬುತ್ತವೆ, ಕ್ಯಾಲಿಪರ್‌ನ ತೋಳುಗಳು ತುಸು ಅಗಲವಾಗುತ್ತವೆ, ಪ್ಯಾಡ್ ಸ್ವಲ್ಪ ಅದುಮಿಕೊಳ್ಳುತ್ತದೆ. ಸ್ಟೀಲ್ ಹೆಣಿಗೆಯ ಹೋಸ್ ಮತ್ತು ಎರಡೂ ಬದಿಯಲ್ಲಿ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರ್‌ಗಳು ಈ ನಷ್ಟವನ್ನು ಕಡಿಮೆ ಮಾಡುತ್ತವೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಬೇಗ ಬೇಗನೆ ಎರಡು ಮೂರು ಬಾರಿ ಒತ್ತಿದರೆ ಮೇಲೇರಿ ಗಟ್ಟಿಯಾಗುವುದಾದರೆ, ಪೈಪಿನಲ್ಲಿ ಗಾಳಿ ಸೇರಿರುವ ಅನುಮಾನ ಬಲವಾಗುತ್ತದೆ. ವೇಗದ ತಿರುವಿನ ನಂತರದ ಮೊದಲ ಒತ್ತುವಿಕೆ ಮಾತ್ರ ಉದ್ದವಾಗಿ, ಎರಡನೆಯದು ಸರಿಯಾಗಿದ್ದರೆ ಕಾರಣ ಬೇರೆ: ತಿರುವಿನ ಹೊರೆಗೆ ಚಕ್ರದ ನಡುವಿನ ಹಬ್ ಮತ್ತು ಡಿಸ್ಕ್ ವಾಲಿ, ಪ್ಯಾಡುಗಳನ್ನು ಪಿಸ್ಟನ್ ಸಮೇತ ಹಿಂದಕ್ಕೆ ತಳ್ಳಿರುತ್ತವೆ. ಸ್ಥಿರ ಕ್ಯಾಲಿಪರ್‌ಗಳಲ್ಲಿ ಇದು ಹೆಚ್ಚು, ಆದ್ದರಿಂದಲೇ ಕೆಲವು ರೇಸ್ ಚಾಲಕರು ನೇರ ದಾರಿಯಲ್ಲಿ ಎಡಗಾಲಿನಿಂದ ಪೆಡಲನ್ನೊಮ್ಮೆ ಮೆಲ್ಲನೆ ತಟ್ಟಿ, ಪ್ಯಾಡುಗಳನ್ನು ಡಿಸ್ಕಿನ ಹತ್ತಿರಕ್ಕೆ ತಂದುಕೊಳ್ಳುತ್ತಾರೆ.

ನಾಲ್ಕನೆಯದು ಬಿಸಿಯ ಪರೀಕ್ಷೆ. ಇದನ್ನು ಟ್ರ್ಯಾಕ್‌ನಂಥ ಮುಚ್ಚಿದ ಜಾಗದಲ್ಲಷ್ಟೇ ಮಾಡಬೇಕು. ಸತತವಾಗಿ ಜೋರು ಬ್ರೇಕ್ ಹಾಕಿದ ಮೇಲೆ ಪೆಡಲ್ ಮೊದಲಿನಷ್ಟೇ ಗಟ್ಟಿಯಿದ್ದು ಕಾರು ಮಾತ್ರ ನಿಲ್ಲದಿದ್ದರೆ ಸೋತಿರುವುದು ಪ್ಯಾಡ್. ಪೆಡಲ್ ಮೆತ್ತಗಾಗಿ ನೆಲದತ್ತ ಇಳಿದರೆ ಬ್ರೇಕ್ ಆಯಿಲ್ ಕುದ್ದಿದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿಕೊಂಡ ಸ್ಥಿತಿಗೆ ಆ ಮಿತಿ 155, ಡಾಟ್ 5.1ಕ್ಕೆ ಇವು 260 ಮತ್ತು 180. ಪ್ಯಾಡುಗಳ ಸ್ವಭಾವವೂ ಇಲ್ಲೇ ಬಯಲಾಗುತ್ತದೆ, ಏಕೆಂದರೆ ರೇಸ್‌ಗೆಂದು ಮಾಡಿದವು ಬಿಸಿಯಾದಾಗ ಚೆನ್ನಾಗಿ ಹಿಡಿದು, ತಣ್ಣಗಿರುವಾಗ ಮಂಕಾಗಿ ವರ್ತಿಸುತ್ತವೆ.

ಮರ್ಸಿಡಿಸ್ 2001ರಲ್ಲಿ ಎಸ್ಎಲ್ ಮಾದರಿಗೆ ತಂದಂಥ ಎಲೆಕ್ಟ್ರಾನಿಕ್ ಬ್ರೇಕ್‌ಗಳಿಗೆ ಮೇಲಿನ ಪರೀಕ್ಷೆಗಳು ಪೂರ್ತಿ ಹೊಂದುವುದಿಲ್ಲ. ಅಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಪೆಡಲ್ ಒತ್ತುವುದು ಸ್ಪ್ರಿಂಗ್ ಜೋಡಿಸಿದ ಒಂದು ಸಾಧನವನ್ನು. ಸೆನ್ಸರ್‌ಗಳು ಓದಿದ್ದನ್ನು ಅನುಸರಿಸಿ ಬೇರೆ ಪಂಪ್ ಒತ್ತಡ ಕೊಡುತ್ತದೆ. ಪಾದಕ್ಕೆ ಸಿಗುವ ಬಿಗಿತವನ್ನು ಎಂಜಿನಿಯರ್ ಬರೆದಿಟ್ಟಿರುತ್ತಾನೆ, ಡಿಸ್ಕಿನ ಬಳಿ ಏನಾಗುತ್ತಿದೆ ಎಂಬುದರ ಸುದ್ದಿ ಅದರಲ್ಲಿ ಕಡಿಮೆ.

ಪರೀಕ್ಷೆಯ ಬಳಿಕವೂ ಗುಣವನ್ನು ಬದಲಿಸಬೇಕೆನಿಸಿದರೆ ಅಗ್ಗದ್ದರಿಂದ ಆರಂಭಿಸಿ. ಮೊದಲು ಹೊಸ ಆಯಿಲ್ ತುಂಬಿಸಿ ಗಾಳಿ ತೆಗೆಸಿ, ನಂತರ ಪ್ಯಾಡ್, ಆಮೇಲೆ ಹೋಸ್. ಮಾಸ್ಟರ್ ಸಿಲಿಂಡರ್ ಮತ್ತು ಕ್ಯಾಲಿಪರ್‌ಗಳನ್ನು ಕೊನೆಗೆ, ತಿಳಿದವರ ಕೈಯಲ್ಲೇ ಮುಟ್ಟಿಸಿ. ಎರಡೂ ಸರ್ಕ್ಯೂಟ್‌ಗಳಿಗೆ (ದ್ರವದ ಪ್ರತ್ಯೇಕ ದಾರಿಗಳಿಗೆ) ಒಂದೇ ವ್ಯಾಸದ ಮಾಸ್ಟರ್ ಸಿಲಿಂಡರ್ ಇರುವಲ್ಲಿ ಅದರ ಗಾತ್ರ ಬದಲಿಸಿದರೆ ಮುಂದಿನ ಮತ್ತು ಹಿಂದಿನ ಬ್ರೇಕುಗಳ ಹಂಚಿಕೆ ಕೆಡುವುದಿಲ್ಲ, ಪೆಡಲ್‌ನ ಬಲ ಮತ್ತು ದೂರ ಮಾತ್ರ ಬದಲಾಗುತ್ತವೆ. ಮುಂದಿನ ಕ್ಯಾಲಿಪರ್‌ಗಳನ್ನಷ್ಟೇ ದೊಡ್ಡದು ಮಾಡಿದರೆ ಹಂಚಿಕೆಯೇ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರುಗಳು ತಮ್ಮ ಮಿತಿ ತಲುಪಿದಾಗ ಹಿಂದಿನವು ಮಾಡಬಹುದಾದ ಕೆಲಸ ಬಾಕಿ ಉಳಿದು, ನಿಲ್ಲುವ ದೂರ ಹೆಚ್ಚಬಹುದು.