ಕಡಂಬುಟ್ಟನ್ನು ಮುದ್ದೆ ಥರ ನುಂಗಿದ ಮೇಲೆ

ನಾನು ತಿಪಟೂರು ಕಡೆಯವನು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಗುಳುಂ ಅಂತ ನುಂಗಿ ಬೆಳೆದವನು. ಬ್ಯಾಂಕ್ ಕೆಲಸದಲ್ಲಿ ಕೊಡಗಿನ ವಿರಾಜಪೇಟೆಗೆ ವರ್ಗವಾಗಿ ಬಂದ ಮೊದಲ ವಾರವೇ ಒಂದು ಓಣಿಯ ಮೆಸ್ಸಿಗೆ ಹೋದೆ. ಆರೇ ಟೇಬಲ್ಲು. ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ನಾಲ್ಕು ಬಿಳಿ ಉಂಡೆ, ಪಕ್ಕದಲ್ಲಿ ಕಪ್ಪಗಿನ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು. ಉಂಡೆ ಕಂಡ ತಕ್ಷಣ ಕೈ ತನ್ನ ಕೆಲಸ ಮಾಡಿತು. ಅರ್ಧ ಮುರಿದು, ಅದ್ದಿ, ನುಂಗಿಯೇ ಬಿಟ್ಟೆ.

ಅದು ಕಡಂಬುಟ್ಟು. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ್ದು. ಮುದ್ದೆಯ ಹಾಗೆ ಜಾರುವುದಿಲ್ಲ. ಗಂಟಲಲ್ಲಿ ಕೂತಿತು. ಮೆಸ್ಸಿನ ಅಕ್ಕ ನೀರಿನ ಜಗ್ಗನ್ನೇ ಎತ್ತಿಕೊಂಡು ಓಡಿ ಬಂದು "ಇದನ್ನ ಅಗಿಯಬೇಕು ಸಾರ್" ಅಂದರು. ಎದುರಿಗಿದ್ದ ಬಿಳಿ ಮೀಸೆಯ ಅಜ್ಜ ನಗು ತಡೆದುಕೊಂಡು ತಮ್ಮ ತಟ್ಟೆಯಲ್ಲೇ ನಿಧಾನಕ್ಕೆ ಮುರಿದು, ಕರಿಯಲ್ಲಿ ಒತ್ತಿ, ಅಗಿದು ತೋರಿಸಿದರು. ಮೂವತ್ತೆಂಟು ವರ್ಷದವನಿಗೆ ಊಟ ಮಾಡುವುದನ್ನು ಹೇಳಿಕೊಟ್ಟರು ಅನ್ನಿ. ಅವತ್ತಿನಿಂದ ಆ ಅಜ್ಜ ನನಗೆ ಟೇಬಲ್ ಮೇಷ್ಟ್ರು.

ನನ್ನ ರೂಮಿನಲ್ಲಿ ಅಡುಗೆಮನೆ ಅಂತ ಇಲ್ಲ, ಮನೆಯವರೆಲ್ಲ ಊರಿನಲ್ಲಿ, ಹಾಗಾಗಿ ಹೊರಗಿನ ಊಟ ನನಗೆ ಶೋಕಿಯಲ್ಲ, ಅನಿವಾರ್ಯ. ಹೇಗೂ ತಿನ್ನಲೇಬೇಕಲ್ಲ, ಪ್ರತಿ ಭಾನುವಾರ ಒಂದು ಹೊಸ ಹೋಟೆಲಿಗೆ ಹೋಗೋಣ ಅಂದುಕೊಂಡೆ. ವಿರಾಜಪೇಟೆ ಮುಗಿದ ಮೇಲೆ ಗೋಣಿಕೊಪ್ಪ, ಸಿದ್ದಾಪುರ, ನಾಪೋಕ್ಲು, ಮಡಿಕೇರಿ. ಮೊದಲ ಎರಡು ತಿಂಗಳು ಮಾಡಿದ್ದೆಲ್ಲ ತಪ್ಪೇ. ಪ್ರವಾಸಿಗರ ಕಾರು ಸಾಲಾಗಿ ನಿಂತ ಕಡೆಗೇ ಹೋಗುತ್ತಿದ್ದೆ. ಅಲ್ಲಿ ನಾಲ್ಕು ಪುಟದ ಮೆನು ಇರುತ್ತದೆ, ಪನೀರ್ ಬಟರ್ ಮಸಾಲದಿಂದ ಹಿಡಿದು ಗೋಬಿ ಮಂಚೂರಿಯವರೆಗೆ, ಕೊನೆಯ ಪುಟದಲ್ಲಿ "ಕೂರ್ಗ್ ಸ್ಪೆಷಲ್". ಒಂದು ಕಡೆ ಟೊಮೆಟೊ ಹಾಕಿ ಕೆಂಪಗೆ ಮಾಡಿದ ಪಂದಿ ಕರಿ ಕೊಟ್ಟರು. ಕೆಟ್ಟದಾಗೇನೂ ಇರಲಿಲ್ಲ. ಆದರೆ ಅದು ಬೇರೆ ಏನೋ.

ಆಮೇಲೆ ನಿಧಾನಕ್ಕೆ ದಾರಿ ಸಿಕ್ಕಿತು. ಮೆನು ಕೇಳುವುದನ್ನು ಬಿಟ್ಟೆ. "ಏನಿದೆ?" ಅಂದರೆ ಹುಡುಗ ಬಾಯಿಪಾಠ ಒಪ್ಪಿಸುತ್ತಾನೆ. "ಇವತ್ತು ಏನು ಮಾಡಿದ್ದೀರಿ?" ಅಂದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ, ಕೆಲವೊಮ್ಮೆ ಅಡುಗೆಯವರೇ ಹೊರಗೆ ಬರುತ್ತಾರೆ. ಇನ್ನೊಂದು, ಸಂತೆ ದಿನ ಹೋಗುವುದು. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಅವತ್ತು ಹಳ್ಳಿಗಳಿಂದ, ತೋಟಗಳಿಂದ ಜನ ಇಳಿದು ಬರುತ್ತಾರೆ, ಅವರಿಗೋಸ್ಕರ ಸಣ್ಣ ಮೆಸ್ಸುಗಳಲ್ಲಿ ಜಾಸ್ತಿ ಅಡುಗೆ ಆಗುತ್ತದೆ, ಅದೂ ಬಿಸಿಬಿಸಿ. ಹನ್ನೆರಡೂವರೆಗೆ ಹೋದರೆ ಜಾಗ ಸಿಗುತ್ತದೆ, ಎರಡು ಗಂಟೆಗೆ ಹೋದರೆ ತಳ ಮಾತ್ರ.

ಪಂದಿ ಕರಿಯ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ತೆಂಗಿನಕಾಯಿ ಇಲ್ಲದೆ ಸಾರು ಆಗುತ್ತದೆ ಅಂತ ತಿಪಟೂರಿನವನು ನಂಬುವುದು ಕಷ್ಟ. ಆ ಮೆಸ್ಸಿನಲ್ಲಿ ಇದಕ್ಕೆ ಕಾಯಿ ಹಾಕುವುದಿಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಚೂರು ಮೆಂತ್ಯ, ಇಷ್ಟನ್ನು ಕಪ್ಪಗಾಗುವ ತನಕ ಹುರಿದು ಪುಡಿ ಮಾಡುತ್ತಾರೆ. ಮಾಂಸ ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಕೊನೆಗೆ ಬೀಳುವುದು ಕಾಚಂಪುಳಿ. ಆ ಬಣ್ಣದಲ್ಲಿ ಹುರಿದ ಪುಡಿಗೂ ಇದಕ್ಕೂ ಸಮಪಾಲು.

ಕಾಚಂಪುಳಿ ಅಂದರೆ ಮೊದಲು ನಾನು ಹುಣಸೆ ರಸ ಅಂದುಕೊಂಡಿದ್ದೆ. ಅಲ್ಲ. ಪಣಪುಳಿ ಅಂತ ಒಂದು ಹಣ್ಣು, ನಮ್ಮ ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರಲ್ಲ, ಅದು. ಮಳೆಗಾಲದಲ್ಲಿ ಮಾಗಿ ಬಿದ್ದ ಹಣ್ಣನ್ನು ಆರಿಸಿ ಬುಟ್ಟಿಯಲ್ಲಿ ಪೇರಿಸಿ ಇಟ್ಟರೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ಆ ರಸವನ್ನು ಕಾಸಿ ಕಾಸಿ, ಕಪ್ಪಗೆ ಗಟ್ಟಿಯಾಗುವ ತನಕ ಇಳಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಪಾತ್ರೆ ಕರಿಗೆ ಒಂದೆರಡು ಚಮಚ ಸಾಕು. ನಾನು ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ಒಂದು ಬಾಟಲಿ ಕೊಂಡು ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದೆ. ಅವರು ಬಾಟಲಿ ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಏನೂ ಹೇಳದೆ ವಾಪಸ್ ಕೊಟ್ಟರು. ಒಳಗೆ ಹೋಗಿ ತಮ್ಮ ಬಾಟಲಿ ತಂದು ಓರೆ ಮಾಡಿದರು. ನನ್ನದು ನೀರಿನ ಹಾಗೆ ಓಡುತ್ತಿತ್ತು, ಅವರದ್ದು ಜೋನಿ ಬೆಲ್ಲದ ಹಾಗೆ ಗಾಜಿಗೆ ಅಂಟಿಕೊಂಡು ಇಳಿಯುತ್ತಿತ್ತು. ನನ್ನ ಬಾಟಲಿ ಈಗಲೂ ರೂಮಿನ ಕಿಟಕಿಯಲ್ಲಿದೆ.

ಅಕ್ಕಿಯ ಪುರಾಣ ಇನ್ನೊಂದು. ಅನ್ನ ಮತ್ತು ಅಕ್ಕಿಹಿಟ್ಟು ಕಲಸಿ ನಾದಿ ಸುಟ್ಟರೆ ಅಕ್ಕಿ ಒಟ್ಟಿ. ಶಾವಿಗೆ ಒರಳಲ್ಲಿ ಒತ್ತಿದರೆ ನೂಲ್‌ಪುಟ್ಟು. ತರಿಗೆ ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಯಾವುದಕ್ಕೆ ಯಾವುದು ಜೋಡಿ ಅನ್ನುವುದರಲ್ಲಿ ಜನ ಬಹಳ ಗಟ್ಟಿ. ಪಂದಿಗೆ ಕಡಂಬುಟ್ಟು, ಕೋಳಿಗೆ ನೂಲ್‌ಪುಟ್ಟು. ನಾನು ಒಂದು ಸಲ ಅದಲು ಬದಲು ಕೇಳಿದೆ, ಹುಡುಗ ತಂದುಕೊಟ್ಟ, ಆದರೆ ಮೇಷ್ಟ್ರು ನನ್ನ ತಟ್ಟೆಯನ್ನು ನೋಡಿದ ನೋಟ ಇದೆಯಲ್ಲ, ಮೊಸರನ್ನಕ್ಕೆ ಸಾಂಬಾರು ಸುರಿದುಕೊಂಡವನನ್ನು ನೋಡಿದ ಹಾಗಿತ್ತು. ಹೆಸರು ಬರೆಯುವುದರಲ್ಲಿ ಮಾತ್ರ ಯಾವ ಬಿಗಿಯೂ ಇಲ್ಲ. ಒಂದು ಬೋರ್ಡಿನಲ್ಲಿ ಕಡಂಬಿಟ್ಟು, ಇನ್ನೊಂದರಲ್ಲಿ ಕಡಂಬುಟ್ಟು, ಮತ್ತೊಂದರಲ್ಲಿ ಕಡಂಬಟ್ಟು. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಕೊನೆಯ ಸ್ವರ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ, ಅದನ್ನು ಕನ್ನಡ ಅಕ್ಷರದಲ್ಲಿ ಹಿಡಿಯುವುದು ಅಷ್ಟು ಸುಲಭವಲ್ಲ. ನಾನು ಬರೆದಿರುವುದೂ ನನ್ನ ಕಿವಿಗೆ ಬಿದ್ದಂತೆ.

ಕಿವಿ ಅಂದಾಗ ನೆನಪಾಯಿತು. ಆ ಆರು ಟೇಬಲ್ಲಿನ ಮೆಸ್ಸಿನಲ್ಲಿ ಮಧ್ಯಾಹ್ನ ಎಷ್ಟು ಭಾಷೆ ಅಂತ ಒಂದು ದಿನ ಸುಮ್ನೆ ಎಣಿಸಿದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ. ಹೊಸಬರು ಯಾರಾದರೂ ಕೂತರೆ ಮೇಷ್ಟ್ರು ಮೊದಲು ಕೇಳುವುದು ಮನೆ ಹೆಸರು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಗೊತ್ತಾದರೆ ಸಾಕು, ಯಾವ ಊರು, ಯಾರ ಕಡೆ ಸಂಬಂಧ, ಎಲ್ಲ ಎರಡು ನಿಮಿಷದಲ್ಲಿ ಹೊರಬರುತ್ತದೆ. ಏಪ್ರಿಲ್ ಬಂದರೆ ಇದೇ ಮಾತು ಹಾಕಿಗೆ ತಿರುಗುತ್ತದೆ. 1997ರಲ್ಲಿ ಕರಡ ಅನ್ನುವ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ, ಒಂದೊಂದು ಒಕ್ಕಕ್ಕೆ ಒಂದೊಂದು ತಂಡ. 'ಶಕ್ತಿ' ಪತ್ರಿಕೆ ಮಡಚಿ ಸಾರಿನ ಬಟ್ಟಲ ಪಕ್ಕ ಇಟ್ಟುಕೊಂಡು ಯಾರು ಯಾರನ್ನು ಸೋಲಿಸಿದರು ಅಂತ ಓದುತ್ತಾರೆ. ಗೋಡೆಯಲ್ಲಿ ಕಾವೇರಮ್ಮನ ಪಟ, ಅದರ ಪಕ್ಕ ಕಾರ್ಯಪ್ಪ ಮತ್ತು ತಿಮ್ಮಯ್ಯ. ಒಮ್ಮೆ ನಾನು ಮೇಷ್ಟ್ರಿಗೆ "ನೀವು ಹುಟ್ಟಿದ್ದು ಯಾವ ತಾಲ್ಲೂಕು?" ಅಂದೆ. "ತಾಲ್ಲೂಕು ಬಿಡಿ, ರಾಜ್ಯವೇ ಬೇರೆ" ಅಂದರು. 1956ರ ನವೆಂಬರ್ 1ಕ್ಕೆ ಮೊದಲು ಕೊಡಗು ಒಂದು ರಾಜ್ಯ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ಅದರಲ್ಲಿ ಹುಟ್ಟಿದವರು ಎದುರಿಗೆ ಕೂತು ಮೂಳೆ ಚೀಪುತ್ತಿದ್ದುದನ್ನು ನೋಡಿರಲಿಲ್ಲ.

ಕೊಡವರ ಸುಗ್ಗಿ ಹಬ್ಬ ಪುತ್ತರಿ ನನಗೆ ಗೊತ್ತಾಗಿದ್ದು ಹಸಿವಿನಿಂದ. ಡಿಸೆಂಬರಿನ ಒಂದು ಹುಣ್ಣಿಮೆಯ ಸಂಜೆ ನಾನು ಹೋಗುವ ಮೆಸ್ಸುಗಳೆಲ್ಲ ಬಾಗಿಲು ಹಾಕಿದ್ದವು. ಕೊನೆಗೆ ಒಬ್ಬ ಮಾಪಿಳ್ಳೆ ಕಾಕಾನ ಹೋಟೆಲ್ ತೆರೆದಿತ್ತು. ಪರೋಟ, ಬೀಫ್, ಮೇಲೆ ನಿಂಬೆ ಹಿಂಡಿದ ಸುಲೈಮಾನಿ ಚಹಾ. ಪರೋಟವನ್ನು ಎರಡು ಅಂಗೈ ನಡುವೆ ಚಪ್ಪಾಳೆ ಹೊಡೆದ ಹಾಗೆ ಕುಟ್ಟಿ ಪದರ ಬಿಡಿಸುತ್ತಿದ್ದರು. ತಿನ್ನುತ್ತಿದ್ದಾಗ ದೂರದಲ್ಲಿ ಗುಂಡು ಹೊಡೆದ ಸದ್ದು. ನಾನು ಬೆಚ್ಚಿದೆ. ಕಾಕಾ ತಲೆ ಎತ್ತದೆ ಹೇಳಿದರು, "ಕದಿರು ತೆಗೆದರು." ಗದ್ದೆಗೆ ಹೋಗಿ ಹೊಸ ಭತ್ತದ ತೆನೆ ಕೊಯ್ಯುವುದು, ಕೊಯ್ಯುವಾಗ ಗುಂಡು ಹಾರಿಸುವುದು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಕದಿರನ್ನು ಮನೆಗೆ ತರುವುದು, ಎಲ್ಲವನ್ನೂ ಅವರೇ ವಿವರಿಸಿದರು. ಕೊಡವರ ಹಬ್ಬವನ್ನು ನನಗೆ ಮೊದಲು ಹೇಳಿಕೊಟ್ಟವರು ಪರೋಟ ಕುಟ್ಟುವ ಕಾಕಾ. ಮರುದಿನ ಮೆಸ್ಸಿನ ಅಕ್ಕ ಬಾಳೆಹಣ್ಣಿಗೆ ಹುರಿದ ಅಕ್ಕಿಯ ಹಿಟ್ಟು ಕಲಸಿದ ತಂಬಿಟ್ಟು ಎಲೆಯಲ್ಲಿ ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಕಾಫಿ ವಿಷಯಕ್ಕೆ ಬಂದರೆ ಸ್ವಲ್ಪ ನಿರಾಸೆ ಇದೆ, ಹೇಳಿಯೇ ಬಿಡುತ್ತೇನೆ. ಸುತ್ತ ಎತ್ತ ನೋಡಿದರೂ ಕಾಫಿ ತೋಟ, ಆದರೆ ಎಷ್ಟೋ ಸಣ್ಣ ಹೋಟೆಲಲ್ಲಿ ಸಿಗುವುದು ಸಕ್ಕರೆ ಪಾಕದಂಥ ಚಹಾ. ಹಾಲಿಲ್ಲದ ಬೆಲ್ಲದ ಕಾಫಿ ಕೇಳಿ ಮಾಡಿಸಿಕೊಳ್ಳಬೇಕು. ಕೇಳಿದರೆ ಖುಷಿಯಿಂದ ಮಾಡುತ್ತಾರೆ.

ಕಳಲೆ ಮಳೆಗಾಲದ್ದು. ಇಲ್ಲಿ ಅದು ಬೈಂಬಳೆ. ಎಳೆ ಬಿದಿರನ್ನು ಹೆಚ್ಚಿ, ದಿನಾ ನೀರು ಬದಲಿಸಿ ಒಂದೆರಡು ದಿನವಾದರೂ ನೆನೆಸಲೇಬೇಕು, ಹಸಿಯಾಗಿ ತಿಂದರೆ ವಿಷ. ಸಂತೆಯಿಂದ ತಂದು ರೂಮಿನಲ್ಲೇ ಬಕೆಟ್ಟಿನಲ್ಲಿ ನೆನೆಹಾಕುವ ಸಾಹಸ ಮಾಡಿದೆ, ಎರಡನೇ ದಿನ ಮನೆ ಮಾಲೀಕರು ಬಂದು ಮೋರಿ ಕಟ್ಟಿದೆಯಾ ಅಂತ ಕೇಳಿದರು. ಬಕೆಟ್ಟನ್ನು ಹಾಗೇ ಹೊತ್ತುಕೊಂಡು ಮೆಸ್ಸಿಗೆ ಕೊಟ್ಟೆ. ಮಧ್ಯಾಹ್ನ ಅದೇ ಕರಿಯಾಗಿ ವಾಪಸ್ ಬಂತು.

ಆ ಮಳೆಯಲ್ಲೇ, ಆಗಸ್ಟ್ 3ರಂದು, ಊಟದ ಕೊನೆಗೆ ಒಂದು ಬಟ್ಟಲು ಬಂತು. ನೇರಳೆ ಬಣ್ಣದ ಪಾಯಸ, ಮೇಲೆ ತುಪ್ಪ. ಮದ್ದ್ ಪಾಯಸ. ಅವತ್ತು ಕೊಡವರ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದ್ ತೊಪ್ಪು ಅನ್ನುವ ಗಿಡಕ್ಕೆ ಆ ದಿನ ಹದಿನೆಂಟು ಬಗೆಯ ಔಷಧಿ ಗುಣ ಬಂದಿರುತ್ತದೆ ಅಂತ ನಂಬಿಕೆ. ಸೊಪ್ಪು ಕುದಿಸಿದ ನೀರಿನಲ್ಲೇ ಅಕ್ಕಿ ಬೇಯುತ್ತದೆ, ಬಣ್ಣ ಅದರದ್ದೇ. ವಾಸನೆ ಸ್ವಲ್ಪ ಕಷಾಯದ್ದು, ರುಚಿ ಬೆಲ್ಲದ್ದು. ಎರಡು ಬಟ್ಟಲು ತಿಂದೆ. ಅಕ್ಕ, ಮೇಷ್ಟ್ರು, ಸಪ್ಲೈ ಹುಡುಗ ಮೂವರೂ ನನ್ನನ್ನೇ ನೋಡುತ್ತಿದ್ದರು, ಯಾಕೆ ಅಂತ ಆಗ ಹೊಳೆಯಲಿಲ್ಲ.

ಸಂಜೆ ಬಾತ್‌ರೂಮಿಗೆ ಹೋದವನು ಗಾಬರಿ ಬಿದ್ದೆ. ಮೂತ್ರ ಕೆಂಪು. ಮೂತ್ರಪಿಂಡ ಹೋಯಿತು ಅಂದುಕೊಂಡು ಹೆಂಡತಿಗೆ ಫೋನ್ ಮಾಡಬೇಕೋ ಬೇಡವೋ ಅಂತ ಅರ್ಧ ಗಂಟೆ ಒದ್ದಾಡಿ, ಕೊನೆಗೆ ಮೆಸ್ಸಿಗೆ ಫೋನ್ ಮಾಡಿದೆ. ಅಕ್ಕ ಫೋನ್ ತೆಗೆದವರು ಹಲೋ ಅನ್ನುವ ಮೊದಲೇ ನಕ್ಕರು. ಹಿಂದಿನಿಂದ ಮೇಷ್ಟ್ರ ಧ್ವನಿ, "ಮದ್ದು ಹಿಡಿದಿದೆ ಅಂತ ಹೇಳಿ."

ಈ ವರ್ಷ ನಮ್ಮ ಶಾಖೆಗೆ ರಾಯಚೂರಿನಿಂದ ಒಬ್ಬ ಹೊಸ ಹುಡುಗ ಬಂದಿದ್ದಾನೆ. ಆಗಸ್ಟ್ 3ಕ್ಕೆ ಮೆಸ್ಸಿಗೆ ಕರೆದುಕೊಂಡು ಹೋದೆ. ಕಡಂಬುಟ್ಟು ಅಗಿದು ತಿನ್ನಬೇಕು ಅಂತ ಮೊದಲೇ ಹೇಳಿದೆ. ಪಾಯಸದ ಬಗ್ಗೆ ಏನೂ ಹೇಳಲಿಲ್ಲ.