ಕಂಟ್ರೋಲ್ ಎಸ್ ಒತ್ತಿದರೆ ಸೇವ್ ಆಗುವುದಿಲ್ಲ

ಕಮಾಂಡುಗಳನ್ನು ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಟರ್ಮಿನಲ್‌ಗೆ ನಾನು ಬಂದದ್ದು ವರ್ಡು, ಎಕ್ಸೆಲ್ಲುಗಳಲ್ಲಿ ವರ್ಷಗಟ್ಟಲೆ ಪಳಗಿದ ಕೈ ಇಟ್ಟುಕೊಂಡು. ಎರಡು ಸಾಲು ಬರೆದರೆ ಸಾಕು, ಎಡಗೈ ನನ್ನನ್ನು ಕೇಳದೆ ಕಂಟ್ರೋಲ್ ಎಸ್ ಒತ್ತಿಬಿಡುತ್ತಿತ್ತು. ಆ ಅಭ್ಯಾಸವೇ ಮೊದಲ ವಾರ ನನ್ನನ್ನು ಅಳಿಸಿತು.

ಸಾವಿರಾರು ಫೈಲುಗಳನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಕಾಪಿ ಮಾಡುವ ಕೆಲಸ. ಕಮಾಂಡ್ ಕೊಟ್ಟು ಕೂತಿದ್ದೆ, ಪರದೆ ಮೇಲೆ ಹೆಸರುಗಳು ಸರಸರ ಹರಿಯುತ್ತಿದ್ದವು. ಮುಕ್ಕಾಲು ಗಂಟೆ ಆಗಿರಬೇಕು, ಕೈ ಸುಮ್ಮನಿರದೆ ಕಂಟ್ರೋಲ್ ಎಸ್ ಒತ್ತಿತು. ಪರದೆ ಕಲ್ಲಾಯಿತು. ಎಂಟರ್ ಒತ್ತಿದೆ, ಸ್ಪೇಸ್ ಒತ್ತಿದೆ, ಏನೂ ಅಲುಗಲಿಲ್ಲ. ಹ್ಯಾಂಗ್ ಆಯಿತು ಅಂದುಕೊಂಡು ಕಿಟಕಿಯನ್ನೇ ಮುಚ್ಚಿದೆ. ಕಿಟಕಿ ಜೊತೆಗೆ ಕಾಪಿಯೂ ಸತ್ತಿತು. ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಹಿಂದೆ ನಿಂತು ನೋಡುತ್ತಿದ್ದ ಸಹೋದ್ಯೋಗಿ ಏನೂ ಹೇಳದೆ ಕೈ ಚಾಚಿ ಕಂಟ್ರೋಲ್ ಕ್ಯೂ ಒತ್ತಿದರು. ತಡೆದು ನಿಂತಿದ್ದ ಹೆಸರುಗಳೆಲ್ಲ ತೂಬು ತೆಗೆದ ಹಾಗೆ ನುಗ್ಗಿ ಬಂದವು.

ಇದೇನಿದು ಅಂತ ಹುಡುಕಿದಾಗ ಸಿಕ್ಕ ವಿಷಯ ನನಗೆ ಟರ್ಮಿನಲ್ಲಿನ ಬೀಗದ ಕೈಯೇ ಆಯಿತು. 1970ರ ಸುಮಾರಿಗೆ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದಾಗ ಎದುರಿಗಿದ್ದದ್ದು ಪರದೆಯಲ್ಲ, ಕಾಗದದ ಮೇಲೆ ಕುಟ್ಟುವ ಟೆಲಿಟೈಪ್ ಯಂತ್ರ. ಆ ಕಾಲದ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಮಾತ್ರ ಅಚ್ಚು ಹಾಕುತ್ತಿತ್ತು. ಪಟ್ಟಿ ತೋರಿಸಲು ಎಲ್ ಎಸ್, ನಕಲಿಗೆ ಸಿ ಪಿ, ಅಳಿಸಲು ಆರ್ ಎಂ ಎಂದು ಕಮಾಂಡುಗಳು ಇಷ್ಟು ಗಿಡ್ಡ ಯಾಕೆ ಅನ್ನುವುದು ಅದರ ಮುಂದೆ ಒಂದು ದಿನ ಕೂತಿದ್ದರೆ ಯಾರಿಗೂ ಹೊಳೆಯುತ್ತಿತ್ತು. ಅಂಥ ನಿಧಾನದ ಯಂತ್ರಕ್ಕೆ ‘ಸ್ವಲ್ಪ ನಿಲ್ಲು’, ‘ಈಗ ಕಳಿಸು’ ಎಂದು ಹೇಳುವ ಎರಡು ಸಂಕೇತ ಬೇಕಿತ್ತು. ನಿಲ್ಲು ಅನ್ನುವುದಕ್ಕೆ 19, ಕಳಿಸು ಅನ್ನುವುದಕ್ಕೆ 17. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಸ್ ಎಷ್ಟನೆಯದು ಎಣಿಸಿ ನೋಡಿ: 19. ಕ್ಯೂ? 17.

ಅಂದರೆ ಕಂಟ್ರೋಲ್ ಒತ್ತಿ ಒಂದು ಅಕ್ಷರ ಒತ್ತಿದರೆ ಹೋಗುವುದು ಆ ಅಕ್ಷರದ ಕ್ರಮಸಂಖ್ಯೆ, ಅಷ್ಟೆ. ಎಂ 13ನೆಯದು, ಎಂಟರ್ ಕೀಲಿಯ ಸಂಕೇತವೂ 13. ಅದಕ್ಕೇ ಟರ್ಮಿನಲ್ಲಿನಲ್ಲಿ ಕಂಟ್ರೋಲ್ ಎಂ ಒತ್ತಿದರೆ ಎಂಟರ್ ಒತ್ತಿದ ಹಾಗೆಯೇ. ಐ ಒಂಬತ್ತನೆಯದು, ಟ್ಯಾಬ್ ಕೂಡ 9. ನಾನು ಒಂದು ಮಧ್ಯಾಹ್ನ ಪೂರ್ತಿ ಇದನ್ನೇ ಒತ್ತಿ ಒತ್ತಿ ನೋಡಿದ್ದೇನೆ. ಕೆಲಸಕ್ಕೆ ಬಾರದ ಆಟ ಅನ್ನಿಸಬಹುದು, ಆದರೆ ಅಂದಿನಿಂದ ಈ ಜೋಡಿಗಳು ಉರು ಹೊಡೆಯಬೇಕಾದ ಮಂತ್ರಗಳಾಗಿ ಉಳಿಯಲಿಲ್ಲ.

ಸಿ, ಝಡ್, ಡಿ ಮೂರೂ ನನ್ನನ್ನು ಒಂದೊಂದು ಸಲ ಕಾಡಿವೆ. ಎರರ್ ಬರಹವನ್ನು ಕಾಪಿ ಮಾಡಲು ಹೋಗಿ ಕಂಟ್ರೋಲ್ ಸಿ ಒತ್ತಿ, ಓಡುತ್ತಿದ್ದ ಪ್ರೋಗ್ರಾಮನ್ನೇ ಕೊಂದೆ. ಲಿನಕ್ಸಿನ ಹೆಚ್ಚಿನ ಟರ್ಮಿನಲ್ಲುಗಳಲ್ಲಿ ಕಾಪಿಗೆ ಶಿಫ್ಟ್ ಕೂಡ ಸೇರಿಸಬೇಕು. ಅನ್‌ಡೂ ಅಂದುಕೊಂಡು ಕಂಟ್ರೋಲ್ ಝಡ್ ಒತ್ತಿದರೆ ಪ್ರೋಗ್ರಾಂ ಮಲಗುತ್ತದೆ, ಸಾಯುವುದಿಲ್ಲ. ಎಫ್ ಜಿ ಅಂತ ಟೈಪ್ ಮಾಡಿದರೆ ಎದ್ದು ಬರುತ್ತದೆ. ಖಾಲಿ ಸಾಲಿನಲ್ಲಿ ಕಂಟ್ರೋಲ್ ಡಿ ಒತ್ತಿದರೆ ‘ನನ್ನ ಮಾತು ಮುಗಿಯಿತು’ ಎಂದು ಅರ್ಥ. ನಮ್ಮ ಕಮಾಂಡುಗಳನ್ನು ಓದಿ ಓಡಿಸುವ ಶೆಲ್ ಎಂಬ ಪ್ರೋಗ್ರಾಂ ಎದ್ದು ಹೋಗುತ್ತದೆ.

ನಿಜವಾಗಿ ಹೊತ್ತು ಉಳಿಸಿದ್ದು ಕಂಟ್ರೋಲ್ ಆರ್. ಮೊದಲೆಲ್ಲ ಹಳೆಯ ಕಮಾಂಡ್ ಬೇಕಾದರೆ ಮೇಲಿನ ಬಾಣದ ಕೀಲಿಯನ್ನು ಮೂವತ್ತು ನಲವತ್ತು ಸಲ ಕುಟ್ಟುತ್ತಿದ್ದೆ. ಅವಸರದಲ್ಲಿ ಬೇಕಾದ್ದನ್ನು ದಾಟಿ ಹೋಗಿ ಮತ್ತೆ ಕೆಳಗಿಳಿಯುತ್ತಿದ್ದೆ. ಈಗ ಕಂಟ್ರೋಲ್ ಆರ್ ಒತ್ತಿ, ಆ ಕಮಾಂಡಿನೊಳಗಿನ ಯಾವುದಾದರೂ ತುಣುಕು ಬರೆಯುತ್ತೇನೆ. ಮೊದಲಕ್ಷರವೇ ಆಗಬೇಕೆಂದಿಲ್ಲ, ನಡುವಿನ ಫೋಲ್ಡರ್ ಹೆಸರಾದರೂ ಸರಿ. ಸಿಕ್ಕಿದ್ದು ಬೇರೆಯಾದರೆ ಮತ್ತೆ ಕಂಟ್ರೋಲ್ ಆರ್, ಇನ್ನೂ ಹಳೆಯದಕ್ಕೆ ಹೋಗುತ್ತದೆ. ಇಲ್ಲೊಂದು ಎಚ್ಚರ: ಸಿಕ್ಕ ಖುಷಿಗೆ ಎಂಟರ್ ಒತ್ತಬೇಡಿ, ಆ ಕ್ಷಣವೇ ಓಡಿಬಿಡುತ್ತದೆ. ಕಂಟ್ರೋಲ್ ಇ ಒತ್ತಿದರೆ ಸಾಲು ಕೈಗೆ ಬಂದು ಕರ್ಸರ್ ಕೊನೆಗೆ ನಿಲ್ಲುತ್ತದೆ, ತಿದ್ದಿ ಓಡಿಸಬಹುದು. ಬೇಡವಾದರೆ ಕಂಟ್ರೋಲ್ ಜಿ. ನಾನು ಬಳಸುವ ಶೆಲ್ಲಾದ ಬ್ಯಾಶ್ ತಾನಾಗಿ ನೆನಪಿಡುವುದು 500 ಕಮಾಂಡ್ ಅಷ್ಟೆ, ಕೆಲವು ಲಿನಕ್ಸುಗಳಲ್ಲಿ 1000ಕ್ಕೆ ಏರಿಸಿಟ್ಟಿರುತ್ತಾರೆ. ನಾನು ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು ಹತ್ತು ಸಾವಿರ ಮಾಡಿಕೊಂಡೆ.

ಅವಸರಕ್ಕೆ ಆರ್ ಹೆಚ್ಚು ಸಲ ಒತ್ತಿ ಬೇಕಾದ್ದನ್ನು ದಾಟಿದರೆ ಮುಂದಕ್ಕೆ ಬರಲು ಬ್ಯಾಶ್ ಇಟ್ಟಿರುವ ಜೋಡಿ ಯಾವುದು ಗೊತ್ತೇ? ಅದೇ ಕಂಟ್ರೋಲ್ ಎಸ್. ಆದರೆ ಅದು ಬ್ಯಾಶಿಗೆ ತಲುಪುವ ಮೊದಲೇ ಟರ್ಮಿನಲ್ ಹಿಡಿದು ಪರದೆ ನಿಲ್ಲಿಸಿಬಿಡುತ್ತದೆ. ಎಸ್ ಟಿ ಟಿ ವೈ ಎನ್ನುವ ಕಮಾಂಡಿಗೆ ಮೈನಸ್ ಹಚ್ಚಿ ಐ ಎಕ್ಸ್ ಒ ಎನ್ ಅಂತ ಕೊಟ್ಟರೆ ಆ ಹಳೆ ‘ನಿಲ್ಲು’ ಸಂಕೇತ ರದ್ದಾಗುತ್ತದೆ. ಸೆಟ್ಟಿಂಗ್ಸ್ ಫೈಲಿಗೆ ಅದನ್ನೂ ಸೇರಿಸಿದೆ. ನನ್ನನ್ನು ಅಳಿಸಿದ ಕೀಲಿ ಹೀಗೆ ದಾರಿಗೆ ಬಂತು.

ಇನ್ನು ಆರ್ ಎಂ. ಇದು ಶಾರ್ಟ್‌ಕಟ್ಟಿನ ಕಥೆಯಲ್ಲ, ಒಂದು ಸ್ಪೇಸಿನ ಕಥೆ. ಬ್ಯಾಕ್ ಎಂದು ಕೊನೆಯಾಗುವ ಹಳೆ ಪ್ರತಿಗಳನ್ನು ಅಳಿಸಬೇಕಿತ್ತು. ನಕ್ಷತ್ರ, ಚುಕ್ಕಿ, ಬ್ಯಾಕ್ ಅಂತ ಒಟ್ಟಿಗೆ ಬರೆಯುವ ಬದಲು ನಕ್ಷತ್ರದ ನಂತರ ಹೆಬ್ಬೆರಳು ಸ್ಪೇಸ್ ತಾಗಿಸಿತು. ಕಂಪ್ಯೂಟರ್ ಕೊಟ್ಟ ಉತ್ತರ: ‘ಚುಕ್ಕಿ ಬ್ಯಾಕ್’ ಎಂಬ ಫೈಲ್ ಇಲ್ಲ. ಏನೂ ಆಗಲಿಲ್ಲ ಅಂದುಕೊಂಡು ಎಲ್ ಎಸ್ ಕೊಟ್ಟೆ. ಫೋಲ್ಡರಿನಲ್ಲಿ ಒಂದು ಫೈಲೂ ಇಲ್ಲ. ಒಂಟಿ ನಕ್ಷತ್ರ ಅಂದರೆ ಫೋಲ್ಡರಿನ ಎಲ್ಲ ಫೈಲು, ಅದನ್ನು ಹೆಸರುಗಳಾಗಿ ಬಿಡಿಸುವುದು ಶೆಲ್. ಆರ್ ಎಂ ಕೈಗೆ ಬರುವ ಹೊತ್ತಿಗೆ ಅದು ಬರೀ ಫೈಲ್ ಹೆಸರುಗಳ ಸಾಲು. ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಪಾಪ ಅದಕ್ಕೇನು ಗೊತ್ತು. ಇಲ್ಲಿ ಕಸದ ಬುಟ್ಟಿಯೂ ಇಲ್ಲ, ಅಳಿಸಿದ್ದು ಹೋಯಿತು ಅಂದರೆ ಹೋಯಿತು.

ಅವತ್ತಿನಿಂದ ಅಳಿಸುವ ಮೊದಲು ಅದೇ ನಮೂನೆಯನ್ನು ಎಲ್ ಎಸ್‌ಗೆ ಕೊಡುತ್ತೇನೆ. ಬಂದ ಪಟ್ಟಿಯನ್ನು ಕಣ್ಣಿಟ್ಟು ಓದುತ್ತೇನೆ. ಸರಿ ಇದ್ದರೆ ಮೇಲಿನ ಬಾಣ ಒಂದು ಸಲ, ಸಾಲಿನ ಮೊದಲಿಗೆ ಹೋಗಲು ಕಂಟ್ರೋಲ್ ಎ, ಮುಂದಿನ ಪದ ಅಳಿಸಲು ಆಲ್ಟ್ ಡಿ, ಆಮೇಲೆ ಆರ್ ಎಂ ಎಂದು ಬರೆದು ಎಂಟರ್. ನಮೂನೆಯನ್ನು ಮತ್ತೆ ಟೈಪ್ ಮಾಡುವುದೇ ಇಲ್ಲ, ಹಾಗಾಗಿ ಹೆಬ್ಬೆರಳಿಗೆ ಕೆಲಸವಿಲ್ಲ. ಬರೆದು ಹೇಳಲು ಇಷ್ಟುದ್ದ, ಮಾಡಲು ಎರಡು ಸೆಕೆಂಡು. ಕಮಾಂಡುಗಳ ಕೈಪಿಡಿಯಾದ ಮ್ಯಾನ್ ಪುಟಗಳಲ್ಲಿ ಆರ್ ಎಂ ಜೊತೆ ಮೈನಸ್ ಐ ಹಾಕಿ, ಒಂದೊಂದಕ್ಕೂ ಕೇಳಿ ಅಳಿಸುತ್ತದೆ ಎಂದಿರುತ್ತದೆ. ನನಗದು ಹಿಡಿಸಲಿಲ್ಲ, ಇಪ್ಪತ್ತು ಸಲ ವೈ ಒತ್ತಿದ ಮೇಲೆ ಇಪ್ಪತ್ತೊಂದನೆಯದನ್ನು ಯಾರು ಓದುತ್ತಾರೆ?

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತೊಡಕಿದೆ. ನುಡಿ ಕೀಲಿಮಣೆ ಬದಲಿಸಲು ಮರೆತು ಎಲ್ ಎಸ್ ಹೊಡೆದರೆ ಪರದೆ ಮೇಲೆ ‘ಲಸ’ ಅಂತ ಬರುತ್ತದೆ, ಲಸ ಎಂಬ ಕಮಾಂಡ್ ಇಲ್ಲ ಅಂತ ಶೆಲ್ ಗೊಣಗುತ್ತದೆ. ಅದೇ ಹೆಸರಿನಲ್ಲಿ ಎಲ್ ಎಸ್‌ಗೆ ಒಂದು ಅಲಿಯಾಸ್, ಅಂದರೆ ಅಡ್ಡಹೆಸರು, ಮಾಡಿಟ್ಟುಕೊಂಡಿದ್ದೇನೆ. ಈಗ ಲಸ ಅಂದರೂ ಪಟ್ಟಿ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಕೈ ಈ ಕಡೆಗೇ ವಾಲಿತು. ಟರ್ಮಿನಲ್ಲಿನಲ್ಲಿ ತಪ್ಪಿದ ಪದವನ್ನು ಒಂದೇ ಏಟಿಗೆ ಅಳಿಸಲು ಕಂಟ್ರೋಲ್ ಡಬ್ಲ್ಯೂ ಒತ್ತುತ್ತೇನೆ. ಮೊನ್ನೆ ಬ್ರೌಸರಿನಲ್ಲಿ ಉದ್ದನೆಯ ಅರ್ಜಿ ತುಂಬುತ್ತಾ ವಿಳಾಸದಲ್ಲಿ ಒಂದು ಪದ ತಪ್ಪಿತು, ಎಡಗೈ ಕೇಳದೆ ಕಂಟ್ರೋಲ್ ಡಬ್ಲ್ಯೂ ಒತ್ತಿತು. ಟ್ಯಾಬೇ ಮುಚ್ಚಿಹೋಯಿತು. ಕಂಟ್ರೋಲ್ ಶಿಫ್ಟ್ ಟಿ ಒತ್ತಿ ವಾಪಸು ತಂದೆ. ಅರ್ಜಿ ಬಂತು, ಖಾಲಿಯಾಗಿ.